ಹದಿನೇಳು ವರ್ಷ ಮುಗಿಯದ ಬಾಟಲಿ

ಹೆಬ್ಬೆರಳಿನಷ್ಟು ಉದ್ದದ ಬಾಟಲಿಯೊಂದು ಹದಿನೇಳು ವರ್ಷ ಬಳಸಿದರೂ ಮುಗಿಯದೆ ಉಳಿದರೆ ಯಾರಿಗಾದರೂ ಒಂದು ಸಣ್ಣ ಅನುಮಾನ ಬರಬೇಕು. ಆ ಶಾಲೆಯ ಜೀವಶಾಸ್ತ್ರದ ಮೇಷ್ಟ್ರಿಗೆ ಬರಲಿಲ್ಲ. ಅವರು ಎರಡು ಡಿಗ್ರಿ ಮಾಡಿದವರು. ಸ್ಟಾಫ್ ರೂಮಿನ ಗೋಡೆಯ ಮೇಲೆ ‘ಪ್ರಯೋಗ ರತ್ನ’ ಎಂದು ಬರೆದ ಪ್ರಶಸ್ತಿ ಫಲಕ ತೂಗುಹಾಕಿಸಿಕೊಂಡವರು. ಅಷ್ಟೆಲ್ಲ ಇದ್ದ ತಲೆಯಲ್ಲಿ ಅನುಮಾನಕ್ಕೆ ಜಾಗ ಉಳಿದಿರಲಿಲ್ಲವೆಂದು ಕಾಣುತ್ತದೆ.

ಬಾಟಲಿಯ ಗುಟ್ಟು ಗೊತ್ತಿದ್ದದ್ದು ಒಬ್ಬಳಿಗೆ, ಪ್ರಯೋಗಾಲಯದ ಸಹಾಯಕಿಗೆ. ಮಕ್ಕಳು ಅವಳನ್ನು ಬಾಟ್ಲಕ್ಕ ಎನ್ನುತ್ತಿದ್ದರು. ಗಾಜಿನ ಸಾಮಾನು ತೊಳೆಯುವುದು, ಜಿರಳೆ ಸತ್ತು ಬಿದ್ದ ಡಬ್ಬಿ ಖಾಲಿ ಮಾಡುವುದು, ಅಸ್ಥಿಪಂಜರದ ಕಳಚಿದ ಬೆರಳನ್ನು ತಂತಿಯಲ್ಲಿ ಮತ್ತೆ ಕಟ್ಟುವುದು, ಮೇಷ್ಟ್ರು ಕೇಳಿದ್ದನ್ನು ಕೇಳಿದ ಕಡೆ ಇಡುವುದು ಅವಳ ಕೆಲಸ. ಮೇಷ್ಟ್ರ ಬಾಯಲ್ಲಿ ಅವಳಿಗೆ ಆ ಹೆಸರೂ ಇರಲಿಲ್ಲ. ‘ಏಯ್, ಟ್ರೇ’ ಎನ್ನುತ್ತಿದ್ದರು, ಅವಳು ಟ್ರೇ ತರುತ್ತಿದ್ದಳು.

ವರ್ಷಕ್ಕೊಮ್ಮೆ ಎಂಟನೇ ತರಗತಿಗೆ ಆ ದೊಡ್ಡ ಪ್ರದರ್ಶನ ನಡೆಯುತ್ತಿತ್ತು. ರೋಗ ತರುವ ವೈರಸ್ಸನ್ನು ನಮ್ಮ ರಕ್ತದಲ್ಲಿರುವ ಪ್ರತಿಕಾಯ, ಅಂದರೆ ಆಂಟಿಬಾಡಿ, ಹೇಗೆ ಹಿಡಿದು ಹಾಕುತ್ತದೆ ಎಂದು ಕಣ್ಣೆದುರೇ ತೋರಿಸುವ ಪ್ರದರ್ಶನ. ಕಪ್ಪು ಗಾಜಿನ ಬಿಲ್ಲೆಯ ಮೇಲೆ ಎರಡು ಕಡೆ ಬಿಳಿ ದ್ರವದ ಒಂದೊಂದು ಹನಿ. ಎಡಗಡೆ ಹನಿಗೆ ನೀಲಿ ರಬ್ಬರಿನ ಡ್ರಾಪರಿನಿಂದ ಬರೀ ನೀರು. ಬಲಗಡೆ ಹನಿಗೆ ಕೆಂಪು ರಬ್ಬರಿನ ಡ್ರಾಪರಿನಿಂದ ಸೀರಮ್, ಅಂದರೆ ಆಂಟಿಬಾಡಿ ಇರುವ ರಕ್ತದ ತಿಳಿ. ಕಡ್ಡಿಯಿಂದ ಕಲಕಿದರೆ ಎಡಗಡೆಯದು ಹಾಗೇ ಇರುತ್ತಿತ್ತು. ಬಲಗಡೆಯದು ಗಂಟು ಗಂಟಾಗುತ್ತಿತ್ತು. ಆಗ ಮೇಷ್ಟ್ರು ಕನ್ನಡಕ ತೆಗೆದು, “ನೋಡಿ ಮಕ್ಕಳೇ, ವೈರಸ್ ಸಿಕ್ಕಿಬಿತ್ತು,” ಎನ್ನುತ್ತಿದ್ದರು. ಕನ್ನಡಕ ತೆಗೆದಮೇಲೆ ಅವರಿಗೆ ಬಿಲ್ಲೆಯೂ ಕಾಣುತ್ತಿರಲಿಲ್ಲ, ಮಕ್ಕಳೂ ಕಾಣುತ್ತಿರಲಿಲ್ಲ. ಆದರೂ ಆ ಮಾತಿಗೆ ಕನ್ನಡಕ ತೆಗೆಯಲೇಬೇಕು.

ಬಿಳಿ ದ್ರವ ಹಾಲು. ಸೀರಮ್ ಎಂಬುದು ವಿನಿಗರ್.

ಮೊದಲಿಂದಲೂ ಹಾಗಿರಲಿಲ್ಲ, ಅಥವಾ ಹಾಗಾಗಬೇಕಿರಲಿಲ್ಲ. ಅವಳು ಕೆಲಸಕ್ಕೆ ಸೇರಿದ ವರ್ಷ ಮೇಷ್ಟ್ರು ನಿಜವಾದ ಕಿಟ್ ಒಂದನ್ನು ತರಿಸಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣ ಮಣಿಗಳಿಗೆ ರುಬೆಲ್ಲಾ ವೈರಸ್ಸಿನ ಸತ್ತ ಚೂರುಗಳನ್ನು ಅಂಟಿಸಿ, ನೀರಲ್ಲಿ ತೇಲಿಬಿಟ್ಟ ಬಾಟಲಿ. ಅದರ ಜೊತೆಗೆ ಸೀರಮ್ಮಿನ ಇನ್ನೊಂದು ಬಾಟಲಿ. ‘ತಣ್ಣಗಿಡು’ ಎಂದು ಹೇಳಿ ಮೇಷ್ಟ್ರು ಹೊರಟುಹೋದರು. ತಣ್ಣಗೆ ಅಂದರೆ ಎಷ್ಟು ತಣ್ಣಗೆ ಎಂದು ಅವರು ಹೇಳಲಿಲ್ಲ, ಅವಳು ಕೇಳಲಿಲ್ಲ. ಜೋಪಾನವಾಗಿರಲಿ ಎಂದು ಎರಡನ್ನೂ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಮಂಜುಗಡ್ಡೆಯ ಪಕ್ಕದಲ್ಲಿ ಇಟ್ಟಳು. ಮಾರನೆಯ ದಿನ ನೋಡಿದರೆ ಮಣಿಗಳ ಬಾಟಲಿ ಕಲ್ಲಾಗಿತ್ತು. ಕರಗಿಸಿದರೆ ತಳದಲ್ಲಿ ಸುಣ್ಣದಂಥ ಗಷ್ಟು, ಮೇಲೆ ಬರೀ ನೀರು. ಪ್ರದರ್ಶನಕ್ಕೆ ಎರಡು ಗಂಟೆ ಉಳಿದಿತ್ತು. ಅವಳದು ಆಗ ತಾತ್ಕಾಲಿಕ ಕೆಲಸ. ಹೇಳಿದರೆ ಸಂಜೆಯೊಳಗೆ ಮನೆಗೆ ಕಳಿಸುತ್ತಾರೆಂದು ಹೆದರಿದಳು.

ಅಡುಗೆ ಮಾಡುವವಳಿಗೆ ಹಾಲು ಒಡೆಯುವುದು ಹೇಗೆಂದು ಯಾರೂ ಪಾಠ ಹೇಳಬೇಕಾಗಿಲ್ಲ. ಸ್ಟಾಫ್ ರೂಮಿನ ಟೀ ಹಾಲು ಒಂದು ಬಾಟಲಿಗೆ, ಗಾಜು ಒರೆಸಲು ಇಟ್ಟ ವಿನಿಗರ್ ಇನ್ನೊಂದಕ್ಕೆ. ವಾಸನೆ ಮುಚ್ಚಲು ಒಂದು ತೊಟ್ಟು ಫಿನಾಯಿಲ್. ಆಸ್ಪತ್ರೆಯ ವಾಸನೆ ಬಂದರೆ ವಿಜ್ಞಾನವೆಂದು ಜನ ನಂಬುತ್ತಾರೆ ಎಂಬ ಲೆಕ್ಕ. ಈ ಒಂದು ಸಲ ಪಾರಾದರೆ ಸಾಕು ಎಂದುಕೊಂಡು ಬೆವರುತ್ತ ನಿಂತಿದ್ದಳು. ಮೇಷ್ಟ್ರು ಕಲಕಿದರು, ಹಾಲು ಒಡೆಯಿತು, ವೈರಸ್ ಸಿಕ್ಕಿಬಿತ್ತು, ಮಕ್ಕಳು ಚಪ್ಪಾಳೆ ತಟ್ಟಿದರು. ಅಂದು ಬಂದಿದ್ದ ಇಲಾಖೆಯ ಅಧಿಕಾರಿಯೊಬ್ಬರು ಮೇಷ್ಟ್ರ ಕೈ ಕುಲುಕಿದರು. ‘ಪ್ರಯೋಗ ರತ್ನ’ ಪ್ರಶಸ್ತಿ ಆ ವರ್ಷದ್ದೇ.

ಮುಂದಿನ ವರ್ಷ ಮೇಷ್ಟ್ರು, “ಏಯ್, ಬಾಟಲಿಯಲ್ಲಿ ಇನ್ನೂ ಇದೆಯಾ?” ಎಂದು ಕೇಳಿದರು. “ಇದೆ ಸಾರ್,” ಎಂದಳು. ಅದರ ಮುಂದಿನ ವರ್ಷವೂ ಇತ್ತು. ಆಮೇಲೆ ಅವರು ಕೇಳುವುದನ್ನೇ ಬಿಟ್ಟರು. ಒಂದು ವರ್ಷ ಮಾತ್ರ ಕೆಂಪು ಡ್ರಾಪರಿನಲ್ಲಿ ತೊಳೆದ ನೀರು ಉಳಿದು, ವಿನಿಗರ್ ಸಪ್ಪೆಯಾಗಿ, ಹಾಲು ಒಡೆಯದೆ ಮರ್ಯಾದೆ ಹೋಗುವುದರಲ್ಲಿತ್ತು. ಅವತ್ತು ಮೇಷ್ಟ್ರು ಮಕ್ಕಳ ಮುಂದೆಯೇ ಅವಳಿಗೆ ಹಿಗ್ಗಾಮುಗ್ಗಾ ಬೈದರು. ಅಂದಿನಿಂದ ಅವಳು ಕೆಂಪು ಡ್ರಾಪರಿನ ರಬ್ಬರಿನೊಳಗೆ ನಾಲ್ಕು ಹನಿ ವಿನಿಗರ್ ಮೊದಲೇ ಉಳಿಸಿಡುತ್ತಿದ್ದಳು. ಆಮೇಲೆ ಆ ಡ್ರಾಪರಿನಲ್ಲಿ ಏನು ಎಳೆದು ಹಾಕಿದರೂ ವೈರಸ್ಸಿಗೆ ಬಿಡುಗಡೆ ಇರಲಿಲ್ಲ.

ಮೊದಲ ವರ್ಷದ ಹೆದರಿಕೆ ಮೂರನೇ ವರ್ಷದ ಹೊತ್ತಿಗೆ ನಗೆಯಾಗಿತ್ತು. ಪ್ರದರ್ಶನದ ದಿನ ಸಂಜೆ ಮನೆಗೆ ಹೋದವಳೇ ಚಪ್ಪಲಿ ಬಿಡುವ ಮೊದಲು ಅತ್ತೆಗೆ ವರದಿ ಒಪ್ಪಿಸುತ್ತಿದ್ದಳು. ಅತ್ತೆ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿ ಮೂವತ್ತು ವರ್ಷ ದುಡಿದು, ಮಂಡಿ ಸವೆಸಿಕೊಂಡು ಮನೆ ಸೇರಿದ್ದವರು. ಡಾಕ್ಟರುಗಳ ಠೀವಿ ಸಾಕಷ್ಟು ನೋಡಿದ್ದರಿಂದ ಮೇಷ್ಟ್ರ ಠೀವಿ ಅವರಿಗೆ ಕಣ್ಣಿಗೆ ಕಟ್ಟುತ್ತಿತ್ತು. “ಕನ್ನಡಕ ತೆಗೆದ್ನಾ?” ಎಂದು ಕೇಳುವರು. “ತೆಗೆದ್ರು ಅತ್ತೆ.” “ಸಿಕ್ಕಿಬಿತ್ತು ಅಂದ್ನಾ?” “ಅಂದ್ರು.” ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಬಸ್ ಓಡಿಸಿ ದಣಿದು ಬಂದ ಅವಳ ಗಂಡ, “ನಿಮ್ಮಿಬ್ಬರಿಗೂ ಬೇರೆ ಕೆಲಸ ಇಲ್ವಾ?” ಎಂದು ಗೊಣಗಿ ಮಗ್ಗುಲಾಗುತ್ತಿದ್ದ.

ನಿಜ ಹೇಳಬೇಕೆಂದರೆ ಆ ನಗೆ ಅವಳಿಗೆ ಸಂಬಳಕ್ಕಿಂತ ಹೆಚ್ಚಾಗಿತ್ತು. ಇಡೀ ವರ್ಷ ‘ಏಯ್’ ಎನ್ನಿಸಿಕೊಂಡವಳಿಗೆ, ಏಯ್ ಎನ್ನುವವನು ತಾನು ತಂದ ಅರ್ಧ ಲೋಟ ಹಾಲಿನ ಮುಂದೆ ಕೈಕಟ್ಟಿ ನಿಲ್ಲುವುದನ್ನು ನೋಡುವ ಸುಖ. ಅದನ್ನು ಬಿಟ್ಟುಕೊಡುವ ಮನಸ್ಸು ಅವಳಿಗೆ ಎಳ್ಳಷ್ಟೂ ಇರಲಿಲ್ಲ.

ಹದಿನೇಳನೇ ವರ್ಷ ಊರಲ್ಲಿ ರುಬೆಲ್ಲಾ ಬಂತು. ಮಕ್ಕಳಿಗೆ ಅದು ದೊಡ್ಡ ಕಾಯಿಲೆಯಲ್ಲ. ಮೈಮೇಲೆ ಕೆಂಪು ದದ್ದು, ಮೂರು ದಿನ ಜ್ವರ, ಆಮೇಲೆ ಮತ್ತೆ ಆಟ. ಎಂಟನೇ ತರಗತಿಯಲ್ಲಿ ನಾಲ್ಕು ಬೆಂಚು ಖಾಲಿಯಾದವು. ಹೆಡ್‌ಮಾಸ್ಟರು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ತಲೆ ಕೆಡಿಸಿಕೊಂಡವರು ಗಣಿತದ ಮೇಡಂ.

ಅವರು ಮೂರು ತಿಂಗಳ ಬಸುರಿ. ಎರಡು ಸಲ ಕಳೆದುಕೊಂಡು ಮೂರನೆಯದು ನಿಂತಿತ್ತು. ಬಸುರಿಯಾದವಳಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ತಗಲಿದರೆ ಅವಳಿಗೆ ಏನೂ ಆಗದಿದ್ದರೂ ಹೊಟ್ಟೆಯಲ್ಲಿರುವ ಮಗುವಿನ ಕಣ್ಣು, ಕಿವಿ, ಹೃದಯ ಹಾಳಾಗಬಹುದು ಎಂದು ಡಾಕ್ಟರು ಹೇಳಿದ್ದರು. ಚಿಕ್ಕಂದಿನಲ್ಲಿ ಒಮ್ಮೆ ಬಂದುಹೋಗಿದ್ದರೆ, ಇಲ್ಲವೆ ಲಸಿಕೆ ಹಾಕಿಸಿದ್ದರೆ, ರಕ್ತದಲ್ಲಿ ಆಂಟಿಬಾಡಿ ಇರುತ್ತದೆ, ಆಗ ಭಯವಿಲ್ಲ. ಮೇಡಮ್ಮಿಗೆ ಎರಡೂ ನೆನಪಿಲ್ಲ, ಹೇಳಲು ತಾಯಿ ಬದುಕಿಲ್ಲ. ರಕ್ತ ಪರೀಕ್ಷೆಗೆ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಅಲ್ಲಿಯವರೆಗೆ ಎಂಟನೇ ತರಗತಿಗೆ ಹೋಗುವುದಿಲ್ಲ, ರಜೆ ಕೊಡಿ ಎಂದು ಸೋಮವಾರ ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ಟರನ್ನು ಕೇಳಿದರು.

ಹೆಡ್‌ಮಾಸ್ಟರು ಕ್ಯಾಲೆಂಡರು ನೋಡಿದರು, ಸೀಲಿಂಗ್ ನೋಡಿದರು. “ಪರೀಕ್ಷೆ ಹತ್ತಿರ ಬಂತಲ್ಲ ಮೇಡಂ. ಗಣಿತಕ್ಕೆ ಬೇರೆ ಯಾರಿದಾರೆ ಹೇಳಿ.”

ಅಷ್ಟರಲ್ಲಿ ‘ಪ್ರಯೋಗ ರತ್ನ’ದ ಬಾಯಿ ತೆರೆಯಿತು. “ದೊಡ್ಡ ಆಸ್ಪತ್ರೆ ಯಾಕೆ? ನಮ್ಮ ಕಿಟ್ ಇರೋದೇ ರುಬೆಲ್ಲಾದ್ದು. ಇವತ್ತೇ ಎಂಟನೇ ಕ್ಲಾಸಿಗೆ ಪ್ರದರ್ಶನ ಇದೆ. ಬನ್ನಿ, ಒಂದು ಹನಿ ರಕ್ತ ಕೊಡಿ. ಐದು ನಿಮಿಷದಲ್ಲಿ ಹೇಳ್ತೀನಿ.”

ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದ ಬಾಟ್ಲಕ್ಕನಿಗೆ ಮೊದಲು ಬಂದದ್ದು ನಗುವೇ. ಈ ವರ್ಷದ ಕಥೆ ಅತ್ತೆಗೆ ಬಲು ಚೆನ್ನಾಗಿರುತ್ತದೆ ಎಂದುಕೊಂಡಳು. ನಿಜಕ್ಕೂ ರಕ್ತ ತೆಗೆಯಲಾರರು, ಬಾಯಲ್ಲಿ ಹೇಳಿದ್ದಷ್ಟೇ ಎಂದುಕೊಂಡಳು. ಆದರೆ ಮೇಷ್ಟ್ರು ತೆಗೆದೇಬಿಟ್ಟರು. ಮಕ್ಕಳಿಂದ ದೂರ, ಬಾಗಿಲ ಹತ್ತಿರ ನಿಂತ ಮೇಡಮ್ಮಿನ ಬೆರಳು ಚುಚ್ಚಿ, ಸಣ್ಣ ನಳಿಕೆಯಲ್ಲಿ ರಕ್ತ ಹಿಡಿದು, ತಿಳಿ ಮೇಲೆ ಬರುವವರೆಗೆ ಅರ್ಧ ಗಂಟೆ ಮಕ್ಕಳಿಗೆ ತಮ್ಮ ಪ್ರಶಸ್ತಿಯ ಕಥೆ ಹೇಳಿದರು. ಆಮೇಲೆ ತಿಳಿಯನ್ನು ಕೆಂಪು ಡ್ರಾಪರಿನಲ್ಲಿ ಎಳೆದುಕೊಂಡರು. ಡ್ರಾಪರಿನ ರಬ್ಬರಿನೊಳಗೆ ನಾಲ್ಕು ಹನಿ ವಿನಿಗರ್ ಕಾದು ಕೂತಿತ್ತು.

ಕಲಕಿದರು. ಗಂಟಾಯಿತು. ಕನ್ನಡಕ ತೆಗೆದರು.

“ಮೇಡಂ, ನಿಮ್ಮ ರಕ್ತದಲ್ಲಿ ಆಂಟಿಬಾಡಿ ತುಂಬಿ ತುಳುಕ್ತಿದೆ. ಇನ್ನು ಯಾವ ಕ್ಲಾಸಿಗಾದ್ರೂ ಹೋಗಿ.”

ಮಕ್ಕಳು ಚಪ್ಪಾಳೆ ತಟ್ಟಿದರು. ಗಣಿತದ ಮೇಡಂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಹದಿನೈದು ದಿನಗಳಿಂದ ನಿದ್ದೆ ಕೆಟ್ಟವರ ಅಳು ಅದು. ಸಿಂಕಿನ ಹತ್ತಿರ ನಿಂತ ಬಾಟ್ಲಕ್ಕ ನಲ್ಲಿ ತಿರುಗಿಸಿ, ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ಸಂಜೆ ಅತ್ತೆಯ ಮುಂದೆ ಕೂತು ಎಂದಿನಂತೆ ಶುರು ಮಾಡಿದಳು. ಬೆರಳು ಚುಚ್ಚಿದ್ದನ್ನು ಅಭಿನಯಿಸಿದಳು, ತುಂಬಿ ತುಳುಕುತ್ತಿದೆ ಎಂದದ್ದನ್ನು ಅವರ ದನಿಯಲ್ಲೇ ಹೇಳಿದಳು. ಅತ್ತೆ ನಗಲಿಲ್ಲ.

“ಎಷ್ಟು ತಿಂಗಳು ಆಕೆಗೆ?”

“ಮೂರು ಅಂತೆ.”

ಅತ್ತೆ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದ ಕೈ ನಿಲ್ಲಿಸಿದರು. “ನಮ್ಮ ವಾರ್ಡಲ್ಲಿ ಒಂದು ಹೆರಿಗೆ ಆಗಿತ್ತು. ಬಸುರಿಲಿ ಮೂರು ದಿನ ಜ್ವರ ಬಂದಿತ್ತಂತೆ ತಾಯಿಗೆ, ಅಷ್ಟೇ. ಮಗೂನ ನಾನೇ ಒರೆಸಿದ್ದು. ಕಣ್ಣು ಬಿಡ್ತು. ಎರಡು ಕಣ್ಣಲ್ಲೂ ಹಾಲು ಹನಿಸಿದ ಹಾಗೆ ಬೆಳ್ಳಗಿತ್ತು. ನಾನು ಚಪ್ಪಾಳೆ ತಟ್ಟಿದೆ, ಅದು ಬೆಚ್ಚಲಿಲ್ಲ. ಕಿವಿನೂ ಕೇಳ್ತಿರಲಿಲ್ಲ.” ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟು, “ನಾಳೆ ಹೋಗಿ ಹೇಳು,” ಎಂದರು.

“ಹೇಳಿದ್ರೆ ನನ್ನ ಕೆಲಸ?”

“ಕೆಲಸ ಹೋದ್ರೆ ಇನ್ನೊಂದು ಸಿಗುತ್ತೆ. ಹೇಳು.”

ಮಂಗಳವಾರ ಅವಳು ಹೇಳಲೆಂದೇ ಹೋದಳು. ಪೂರ್ತಿ ಹೇಳುವ ಧೈರ್ಯ ಇರಲಿಲ್ಲ. ಅರ್ಧ ಹೇಳಿದರೂ ಕೆಲಸ ಆದೀತು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಗಣಿತದ ಮೇಡಂ ಕಾರಿಡಾರಿನಲ್ಲಿ ಇನ್ನೊಬ್ಬ ಮೇಡಂ ಜೊತೆ ನಿಂತು ನಗುತ್ತಿದ್ದರು. ತಿಂಗಳುಗಳ ನಂತರ ಅವರು ನಗುವುದನ್ನು ಜನ ನೋಡುತ್ತಿದ್ದರು.

“ಮೇಡಂ, ಒಂದು ಮಾತು. ದೊಡ್ಡ ಆಸ್ಪತ್ರೆಯಲ್ಲೂ ಒಂದ್ಸಲ ರಕ್ತ ತೋರಿಸಿಬಿಡಿ. ಇಲ್ಲಿದು ಅಷ್ಟು… ನಂಬೋ ಹಾಗಿಲ್ಲ.”

ಮೇಡಂ ಅವಳ ಕಡೆ ತಿರುಗಿದರು. ನಗು ಇನ್ನೂ ಮುಖದ ಮೇಲಿತ್ತು. “ಮೇಷ್ಟ್ರು ಮಾಡಿದ್ದು ನಂಬೋ ಹಾಗಿಲ್ವಾ? ನೀವು ಪಾತ್ರೆ ತೊಳೆಯೋದು ನೋಡ್ಕೊಳಿ. ಇದೆಲ್ಲ ಓದಿದವರ ವಿಷಯ.” ಪಕ್ಕದ ಮೇಡಂ ಕಿಸಕ್ಕೆಂದರು. ಇಬ್ಬರೂ ಹೊರಟುಹೋದರು.

ಬಾಟ್ಲಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಮೇಷ್ಟ್ರು ‘ಏಯ್’ ಎಂದರೆ ಅವಳಿಗೆ ನೋವಾಗುತ್ತಿರಲಿಲ್ಲ, ಅವರ ಹಾಲಿನ ಲೋಟ ಅವಳ ಕೈಯಲ್ಲಿತ್ತು. ಈ ಮಾತಿಗೆ ತಿರುಗೇಟು ಕೊಡಲು ಕೈಯಲ್ಲಿ ಏನೂ ಇರಲಿಲ್ಲ, ಸುಮ್ಮನಿರುವುದೊಂದನ್ನು ಬಿಟ್ಟು. ಓದಿದವರ ವಿಷಯವಾದರೆ ಓದಿದವರೇ ನೋಡಿಕೊಳ್ಳಲಿ ಎಂದು ಹಲ್ಲು ಕಚ್ಚಿ ಸಿಂಕಿನ ಮುಂದೆ ನಿಂತಳು. ಸಂಜೆ ಅತ್ತೆ ಕೇಳಿದಾಗ, “ಹೇಳಿದೆ, ಕೇಳಲಿಲ್ಲ,” ಎಂದಳು. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ವಾರ್ಡಿನಲ್ಲಿ ಮೂವತ್ತು ವರ್ಷ ಇಂಥ ಉತ್ತರಗಳನ್ನೇ ಕೇಳಿದ್ದ ಅತ್ತೆ, “ಹಾಲು ಅಂತ ಹೇಳಿದೆಯಾ?” ಎಂದರು.

ಬುಧವಾರ ಮೇಡಂ ಎಂಟನೇ ತರಗತಿಯಲ್ಲಿ ಬೆಂಚಿಂದ ಬೆಂಚಿಗೆ ಹೋಗಿ ಲೆಕ್ಕ ತಿದ್ದಿದರು. ಮಕ್ಕಳ ಪಕ್ಕದಲ್ಲೇ ಕೂತು, ಅವರ ಪೆನ್ನು ತೆಗೆದುಕೊಂಡು ಬರೆದರು. ಬಾಟ್ಲಕ್ಕ ಎರಡು ಸಲ ಆ ಕೋಣೆಯ ಮುಂದೆ ಹಾದುಹೋದಳು. ಎರಡು ಸಲವೂ ಅವಳ ಕಿವಿಯಲ್ಲಿ ಕೇಳಿಸಿದ್ದು ಆ ಕಿಸಕ್ಕೆಂದ ನಗೆ. ಎರಡು ಸಲವೂ ಒಳಗೆ ಹೋಗಲಿಲ್ಲ.

ಗುರುವಾರ ಗಣಿತದ ಪೀರಿಯಡ್ಡಿನಲ್ಲೇ ಒಬ್ಬ ಹುಡುಗಿಗೆ ಮೈ ಬಿಸಿಯಾಗಿ, ಕತ್ತಿನ ಮೇಲೆ ಕೆಂಪು ದದ್ದು ಎದ್ದಿತು. ಉಳಿದ ಮೇಡಂಗಳು ಮೂಗಿಗೆ ಸೆರಗು ಹಿಡಿದು ದೂರ ನಿಂತರು. ಗಣಿತದ ಮೇಡಂ ಮಾತ್ರ ಹುಡುಗಿಯನ್ನು ತೋಳಲ್ಲಿ ಒರಗಿಸಿಕೊಂಡು ಆಫೀಸಿನ ಪಕ್ಕದ ಕೋಣೆಗೆ ಕರೆತಂದರು. ಒದ್ದೆ ಬಟ್ಟೆ ತಂದುಕೊಟ್ಟವಳು ಬಾಟ್ಲಕ್ಕನೇ. ಹುಡುಗಿ ಹೆದರಿ ಅಳುತ್ತಿದ್ದಳು. ಮೇಡಂ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು.

“ನೀವು ದೂರ ಇರಿ ಮೇಡಂ,” ಎಂದಳು ಬಾಟ್ಲಕ್ಕ.

“ನನಗೇನಾಗಲ್ಲ. ನನ್ನ ಹತ್ರ ಆಂಟಿಬಾಡಿ ಇದೆಯಲ್ಲ,” ಎಂದರು ಮೇಡಂ ಹುಡುಗಿಯನ್ನು ನೋಡುತ್ತ. ಹುಡುಗಿಯ ಅಮ್ಮ ಬರುವವರೆಗೆ ಒಂದೂವರೆ ಗಂಟೆ ಹಾಗೆಯೇ ಕೂತಿದ್ದರು.

ಅಂದು ಸಂಜೆ ಇದನ್ನು ಕೇಳಿದ ಅತ್ತೆ ಗೋಡೆ ಹಿಡಿದು ಎದ್ದು ನಿಂತರು. “ನಾಳೆ ನೀನು ಹೇಳದಿದ್ರೆ ನಾನೇ ಬರ್ತೀನಿ. ಈ ಮಂಡಿ ಇಟ್ಕೊಂಡೇ ಬರ್ತೀನಿ. ಬಂದು ಮೊದಲು ನಿನ್ನ ಹೆಸರೇ ಹೇಳ್ತೀನಿ.” ಸೊಸೆಯ ಮುಖ ನೋಡಿ, “ಅವಳು ಏನೋ ಅಂದಿದಾಳೆ ನಿನಗೆ, ಅಲ್ವಾ?” ಎಂದರು. “ಅಂದಿರಲಿ. ಹೊಟ್ಟೇಲಿರೋದು ನಿನಗೇನಂದಿದೆ?”

ಶುಕ್ರವಾರ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಟೀ ಕುಡಿಯುತ್ತಿದ್ದಾಗ ಬಾಟ್ಲಕ್ಕ ಟ್ರೇ ತಂದು ಉದ್ದನೆಯ ಮೇಜಿನ ಮಧ್ಯೆ ಇಟ್ಟಳು. ಕಪ್ಪು ಬಿಲ್ಲೆ, ಎರಡು ಬಾಟಲಿ, ಕೆಂಪು ಡ್ರಾಪರು.

“ಇವತ್ತು ಪ್ರದರ್ಶನ ಇಲ್ವಲ್ಲ,” ಎಂದರು ಮೇಷ್ಟ್ರು.

“ಇವತ್ತು ನಂದು ಸಾರ್,” ಎಂದಳು.

ಬಿಲ್ಲೆಯ ಮೇಲೆ ಬಿಳಿ ಹನಿಗಳನ್ನು ಸಾಲಾಗಿ ಹಾಕಿದಳು. ಹೂಜಿಯ ನೀರನ್ನು ಕೆಂಪು ಡ್ರಾಪರಿನಲ್ಲಿ ಎಳೆದು ಮೊದಲ ಹನಿಗೆ ಬಿಟ್ಟು ಕಲಕಿದಳು. ಗಂಟಾಯಿತು. “ಹೂಜಿಗೆ ರುಬೆಲ್ಲಾ ಬಂದು ವಾಸಿಯಾಗಿದೆ,” ಎಂದಳು. ಡ್ರಾಪರಿನೊಳಗೆ ಮತ್ತೆ ನಾಲ್ಕು ಹನಿ ಸೀರಮ್ ತುಂಬಿಕೊಂಡಳು. ಹೆಡ್‌ಮಾಸ್ಟರ ಕಪ್ಪಿನಿಂದ ಒಂದು ತೊಟ್ಟು ಟೀ ಎಳೆದಳು. ಗಂಟಾಯಿತು. “ಟೀಗೂ ಬಂದು ಹೋಗಿದೆ.” ಡಸ್ಟರನ್ನು ಅದ್ದಿ ಹಿಂಡಿದ ನೀರು. ಅದೂ ಗಂಟಾಯಿತು. “ಡಸ್ಟರಿನ ಮೈಯಲ್ಲಂತೂ ತುಂಬಿ ತುಳುಕ್ತಿದೆ.”

ಯಾರೋ ನಕ್ಕರು. ಮೇಷ್ಟ್ರು ನಗಲಿಲ್ಲ. “ಏಯ್, ಏನು ಹುಚ್ಚಾಟ? ಅದು ರೀಏಜೆಂಟು. ವ್ಯರ್ಥ ಮಾಡ್ಬೇಡ.”

ಅವಳು ಬಿಳಿ ಬಾಟಲಿಯ ಮುಚ್ಚಳ ತೆಗೆದು ಬಾಯಿಗೆತ್ತಿದಳು.

ಮೇಷ್ಟ್ರು ಕುರ್ಚಿ ಬೀಳಿಸಿಕೊಂಡು ಎದ್ದರು. “ಕುಡೀಬೇಡ, ಅದು ವೈರಸ್ಸು,” ಎಂದು ಕೂಗಿ ಅವಳ ಮಣಿಕಟ್ಟು ಹಿಡಿದರು. ಹದಿನೇಳು ವರ್ಷದಲ್ಲಿ ಮೊದಲ ಸಲ ಅವಳಿಗೆ ಅರ್ಥವಾಯಿತು, ಈ ಮನುಷ್ಯ ನಾಟಕ ಆಡುತ್ತಿರಲಿಲ್ಲ ಎಂದು. ಅಲ್ಲಿಯವರೆಗೆ ಅವರಿಗೂ ಒಳಗೊಳಗೆ ಒಂದು ಸಣ್ಣ ಅನುಮಾನ ಇದ್ದೀತು, ಇದ್ದೂ ಮೆರೆಯುತ್ತಾರೆ ಎಂದೇ ಅವಳು ಅಂದುಕೊಂಡಿದ್ದಳು. ಅವರು ಪೂರ್ತಿ ನಂಬಿದ್ದರು. ಅವಳು ಕೈ ಬಿಡಿಸಿಕೊಂಡು ಗುಟುಕರಿಸಿದಳು.

“ಹಾಲು ಸಾರ್. ಬೆಳಗ್ಗೆ ತಂದಿದ್ದು. ಇನ್ನೊಂದು ವಿನಿಗರ್. ನೀವು ತರಿಸಿದ ಕಿಟ್ಟನ್ನ ನಾನು ಮೊದಲ ವರ್ಷವೇ ಮಂಜುಗಡ್ಡೆ ಮಾಡಿ ಹಾಳು ಮಾಡಿದೆ. ಹೇಳೋಕೆ ಹೆದರಿಕೆ ಆಯ್ತು.” ಗಣಿತದ ಮೇಡಂ ಕಡೆ ತಿರುಗಿದಳು. “ಮೇಡಂ, ನಿಮ್ಮ ರಕ್ತದಲ್ಲಿ ಏನಿದೆ ಅಂತ ಈ ಕೋಣೇಲಿರೋ ಯಾರಿಗೂ ಗೊತ್ತಿಲ್ಲ. ಈಗಲೇ ಆಸ್ಪತ್ರೆಗೆ ಹೋಗಿ.”

ಮೇಡಂ ಬಿಲ್ಲೆಯ ಮೇಲಿನ ಹನಿಗಳನ್ನು ನೋಡಿದರು. ಒಂದೊಂದನ್ನೂ ಎಣಿಸುವವರಂತೆ ನೋಡಿದರು. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಬ್ಯಾಗು ಎತ್ತಿಕೊಂಡು ಹೊರಟುಹೋದರು.

“ಮೊದಲ ವರ್ಷದ್ದೂನಾ?” ಎಂದು ಮೇಷ್ಟ್ರು ಕೇಳಿದರು.

“ಮೊದಲ ವರ್ಷದ್ದೂ.”

ಅವರು ಗೋಡೆಯ ಮೇಲಿನ ಫಲಕದ ಕಡೆ ನೋಡಲಿಲ್ಲ. ಬೇರೆಯವರೆಲ್ಲ ನೋಡಿದರು. “ವಾಸನೆ ಬರ್ತಿತ್ತು,” ಎಂದರು ಮೇಷ್ಟ್ರು. “ಸೀರಮ್ ವಾಸನೆನೇ ಹಾಗಿರುತ್ತೆ ಅಂದ್ಕೊಂಡೆ.” ಈ ಗಳಿಗೆಗೆಂದು ಅವಳು ವರ್ಷಗಟ್ಟಲೆ ಕಾದಿದ್ದಳು, ಮನಸ್ಸಿನಲ್ಲಿ ಎಷ್ಟೋ ಸಲ ಆಡಿ ನೋಡಿದ್ದಳು. ಬಂದಾಗ ಅದರಲ್ಲಿ ಒಂದು ಚೂರೂ ರುಚಿ ಇರಲಿಲ್ಲ. ಮೇಷ್ಟ್ರು ಕನ್ನಡಕ ಹಾಕಿಕೊಂಡೇ ಕೂತಿದ್ದರು, ಎಲ್ಲವೂ ಕಾಣುತ್ತಿತ್ತು.

ಹೆಡ್‌ಮಾಸ್ಟರಿಗೆ ಮಾತ್ರ ಕೂಡಲೇ ಕೆಲಸ ಸಿಕ್ಕಿತು. ಈ ವಿಷಯ ಹೊರಗೆ ಹೋಗಬಾರದು, ಇಲಾಖೆಗೆ ಗೊತ್ತಾದರೆ ಪ್ರಶಸ್ತಿ ವಾಪಸು ಹೋಗುತ್ತದೆ, ಶಾಲೆಯ ಹೆಸರು ಹಾಳಾಗುತ್ತದೆ. ಹಾಗೆಂದು ಶಿಸ್ತು ಕ್ರಮ ಜರುಗಿಸದೆ ಬಿಡುವಂತೆಯೂ ಇಲ್ಲ. ಎರಡು ದಿನ ಯೋಚಿಸಿ ಬಾಟ್ಲಕ್ಕನಿಗೆ ಒಂದು ಮೆಮೊ ಕೊಟ್ಟರು. ಅದರಲ್ಲಿ ವೈರಸ್ ಇರಲಿಲ್ಲ, ಆಂಟಿಬಾಡಿ ಇರಲಿಲ್ಲ, ಬಸುರಿಯ ಮಾತಂತೂ ಇರಲೇ ಇಲ್ಲ. ಶಾಲೆಯ ಫ್ರಿಜ್ಜಿನಲ್ಲಿ ಪೂರ್ವಾನುಮತಿ ಇಲ್ಲದೆ ಹಾಲು ಇಟ್ಟಿದ್ದೇಕೆ ಎಂದು ಏಳು ದಿನದೊಳಗೆ ಲಿಖಿತ ವಿವರಣೆ ಕೊಡಬೇಕಿತ್ತು. ಅವಳು ಒಂದು ಸಾಲು ಬರೆದುಕೊಟ್ಟಳು. ಇನ್ನು ಮುಂದೆ ಇಡುವುದಿಲ್ಲ.

ಆಸ್ಪತ್ರೆಯ ಸುದ್ದಿ ಸೋಮವಾರವೇ ಬಂತು. ಮೇಡಮ್ಮಿನ ರಕ್ತದಲ್ಲಿ ರುಬೆಲ್ಲಾಕ್ಕೆ ಆಂಟಿಬಾಡಿ ಒಂದಿಷ್ಟೂ ಇರಲಿಲ್ಲ. ಕಾಯಿಲೆ ತಗಲಿದೆಯೋ ಇಲ್ಲವೋ ಈಗಲೇ ಗೊತ್ತಾಗುವುದಿಲ್ಲ, ಮೂರು ವಾರ ಬಿಟ್ಟು ಒಮ್ಮೆ, ಆಮೇಲೆ ಇನ್ನೊಮ್ಮೆ ನೋಡಬೇಕು, ಅಲ್ಲಿಯವರೆಗೆ ಮನೆಯಲ್ಲಿರಿ ಎಂದಿದ್ದರು ಡಾಕ್ಟರು. ರಜೆ ಕೊಡಲು ಹೆಡ್‌ಮಾಸ್ಟರು ಈಗ ಕ್ಯಾಲೆಂಡರು ನೋಡಲಿಲ್ಲ.

ಆ ವಾರಗಳಲ್ಲಿ ಬಾಟ್ಲಕ್ಕ ತೊಳೆದ ಗಾಜು ಎಷ್ಟು ಒಡೆಯಿತೋ ಲೆಕ್ಕವಿಲ್ಲ. ಹದಿನೇಳು ವರ್ಷದ ಸುಳ್ಳಿಗೆ ಅವಳಲ್ಲಿ ಸಮಾಧಾನವಿತ್ತು. ಹೆದರಿಕೆ ಇತ್ತು, ಹೊಟ್ಟೆಪಾಡು ಇತ್ತು, ಯಾರಿಗೂ ಕೆಡುಕಾಗಿರಲಿಲ್ಲ. ಮಂಗಳವಾರ, ಬುಧವಾರ, ಗುರುವಾರಗಳಿಗೆ ಎಷ್ಟು ಹುಡುಕಿದರೂ ಸಮಾಧಾನ ಸಿಗುತ್ತಿರಲಿಲ್ಲ. ಮೇಷ್ಟ್ರನ್ನು ಪೆದ್ದ ಎಂದು ಅಷ್ಟು ವರ್ಷ ಹಂಗಿಸಿದವಳಿಗೆ ತನ್ನನ್ನು ಏನೆಂದು ಕರೆಯಬೇಕೆಂದು ತಿಳಿಯಲಿಲ್ಲ. ಪೆದ್ದರಿಗೆ ಕನಿಷ್ಠ ಗೊತ್ತಿರುವುದಿಲ್ಲ.

ಎರಡು ತಿಂಗಳ ನಂತರ ಮೇಡಂ ಶಾಲೆಗೆ ಬಂದರು. ಹೊಟ್ಟೆ ಸ್ಪಷ್ಟವಾಗಿ ಕಾಣುತ್ತಿತ್ತು. ನೇರ ಪ್ರಯೋಗಾಲಯಕ್ಕೆ ಬಂದು, ಮಕ್ಕಳು ಕೂರುವ ಸ್ಟೂಲೊಂದನ್ನು ಎಳೆದುಕೊಂಡು ಕೂತರು. ಬಾಟ್ಲಕ್ಕನ ಕೈ ಸಾಬೂನು ನೀರಿನಲ್ಲೇ ನಿಂತಿತು.

“ಕೊನೇ ಪರೀಕ್ಷೆನೂ ಆಯ್ತು,” ಎಂದರು ಮೇಡಂ. “ತಗಲಿಲ್ಲ. ಸ್ಕ್ಯಾನಲ್ಲೂ ಎಲ್ಲ ಸರಿ ಇದೆ.”

ಬಾಟ್ಲಕ್ಕ ಸಿಂಕಿನ ಅಂಚು ಹಿಡಿದುಕೊಂಡಳು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಕೈ ಒದ್ದೆಯಿದ್ದುದರಿಂದ ಒರೆಸಿಕೊಳ್ಳಲೂ ಆಗಲಿಲ್ಲ. ಮೇಡಂ ಅದು ನಿಲ್ಲುವವರೆಗೆ ಕಾದರು.

“ಒಂದು ವಿಷಯ ಕೇಳೋಕೆ ಬಂದೆ. ಅಷ್ಟು ವರ್ಷ ಯಾಕೆ ಹೇಳಲಿಲ್ಲ ಅಂತ ಕೇಳಲ್ಲ. ಅದು ಅರ್ಥ ಆಗುತ್ತೆ. ಸೋಮವಾರ ನನ್ನ ರಕ್ತ ನೋಡಿದ್ರು. ನೀವು ಹೇಳಿದ್ದು ಶುಕ್ರವಾರ. ಮಧ್ಯೆ ಮೂರು ದಿನ ಯಾಕೆ ಸುಮ್ಮನಿದ್ರಿ?”

ಕೆಲಸ ಹೋಗುವ ಭಯ ಎನ್ನಬಹುದಿತ್ತು. ಮೇಡಂ ನಂಬುತ್ತಿದ್ದರು. ಬಾಟ್ಲಕ್ಕನ ಬಾಯಲ್ಲಿ ಆ ಸುಳ್ಳು ಬರಲಿಲ್ಲ.

“ಮಂಗಳವಾರ ಹೇಳೋಕೆ ಬಂದಿದ್ದೆ ಮೇಡಂ. ಪಾತ್ರೆ ತೊಳೆಯೋದು ನೋಡ್ಕೊಳಿ ಅಂದ್ರಿ. ಇನ್ನೊಬ್ರು ನಕ್ರು. ಅದಕ್ಕೆ ಸುಮ್ಮನಾದೆ.”

ಮೇಡಂ ಹುಬ್ಬು ಗಂಟಿಕ್ಕಿ ಯೋಚಿಸಿದರು. ಸಿಟ್ಟಾಗಲಿ ನಾಚಿಕೆಯಾಗಲಿ ಅವರ ಮುಖದಲ್ಲಿ ಕಾಣಲಿಲ್ಲ.

“ನಾನಾ?” ಎಂದರು ಕೊನೆಗೆ. “ಯಾವಾಗ?”

ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ.